ನಡುವಿನ ಹೆಸರು

ನನ್ನ ನೆಗೆಣ್ಣಿ ಮುಟ್ಟಿದ್ದೆಲ್ಲ ಚೆಂದ ಆಗುತ್ತಿತ್ತು. ಅವಳು ಚಹಾ ಮಾಡಿದರೆ ಮಾವನವರು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಒಂದು ಹನಿಯೂ ಉಳಿಸದೆ ಕುಡಿಯುತ್ತಿದ್ದರು. ನಾನೂ ಅದೇ ಪುಡಿ, ಅದೇ ಹಾಲು ಹಾಕಿ ಅದೇ ಪಾತ್ರೆಯಲ್ಲಿ ಮಾಡುತ್ತಿದ್ದೆ; ಅರ್ಧ ಕುಡಿದು ಬಸಿ ಸರಿಸಿ ಅಂಗಡಿಗೆ ಇಳಿದುಬಿಡುತ್ತಿದ್ದರು. ಇಂಥದ್ದನ್ನೆಲ್ಲ ಇನ್ನೂ ನೆನಪಿಟ್ಟಿದ್ದೀಯಲ್ಲವ್ವಾ ಎಂದು ನನ್ನ ಮಗಳು ನಗುತ್ತಾಳೆ. ಇಟ್ಟಿದ್ದೇನೆ. ಉಂಡದ್ದು ಮರೆಯಬಹುದು, ಹೊಟ್ಟೆ ಉರಿದದ್ದು ಮರೆಯುವುದಿಲ್ಲ.

ಎಪ್ಪತ್ತರ ದಶಕದ ಮಾತು. ಸೊಲ್ಲಾಪುರದ ಪೇಟೆಯಲ್ಲಿ ನಮ್ಮದು ನೂಲಿನ ವ್ಯಾಪಾರ. ಕೆಳಗೆ ಅಂಗಡಿ, ಮೇಲೆ ಮನೆ. ನಾನು ಹಿರೇಸೊಸೆ. ತವರು ಅಕ್ಕಲಕೋಟೆ ತಾಲೂಕಿನ ಕರಜಗಿ, ಹೊಲಮನೆ ಇದ್ದ ಮಂದಿ. ದಿನಾ ಎಸ್.ಟಿ. ಬಸ್ಸು ಹತ್ತಿ ಅಕ್ಕಲಕೋಟೆಯ ಸಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದೆ. ಮುಂದೆ ಸೊಲ್ಲಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಬಿ.ಎ. ಮಾಡಿದೆ. ನಮ್ಮ ಓಣಿಯಲ್ಲಿ ಅಷ್ಟು ಓದಿದ ಹೆಣ್ಣುಮಗಳು ನಾನೊಬ್ಬಳೇ. ಮದುವೆಯಾದ ಮೇಲೆ ಆ ಬಿ.ಎ. ಕುಳಿತು ರೊಟ್ಟಿ ಬಡಿಯತೊಡಗಿತು.

ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಆಮೇಲೆ ಬಂದಳು. ಸೊಲ್ಲಾಪುರದಲ್ಲೇ ಹುಟ್ಟಿ ಬೆಳೆದವಳು. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಎರಡೂ ನೀರು ಕುಡಿದಷ್ಟು ಸಲೀಸು. ನಾನು ಮರಾಠಿ ಮಾತಾಡಿದರೆ ಭಾಜಿ ಮಾರುವವಳು ಕೂಡ ಯಾವ ಹಳ್ಳಿ ಎಂದು ಕೇಳುತ್ತಿದ್ದಳು. ಅವಳೂ ಬಿ.ಎ., ಮೇಲೆ ಟೈಪಿಂಗ್ ಬೇರೆ. ಮುಂಗೈಗೆ ತವರಿನವರು ಕೊಟ್ಟ ವಾಚು. ಹೊತ್ತು ಎಷ್ಟಾಯಿತೆಂದು ಅತ್ತೆ ಅವಳನ್ನೇ ಕೇಳುತ್ತಿದ್ದರು, ಗೋಡೆಯ ಮೇಲೆ ಗಡಿಯಾರ ಇದ್ದರೂ. ಮುಂದೆ ಬಂದ ಕಿವಿಗಿಂತ ಹಿಂದೆ ಬಂದ ಕೋಡು ಉದ್ದ ಎನ್ನುವುದನ್ನು ನಾನು ಯಾರಿಂದಲೂ ಕಲಿಯಬೇಕಾಗಿರಲಿಲ್ಲ.

ವಿಶ್ವವಿದ್ಯಾಲಯ ಇದ್ದದ್ದು ದೂರದ ಊರಲ್ಲಿ. ಅದು ಸೊಲ್ಲಾಪುರದಲ್ಲೊಂದು ಶಾಖೆ ತೆರೆಯುತ್ತದೆ, ಅದರ ಕಚೇರಿಗೆ ಕಾರಕೂನರು ಬೇಕು, ಹೆಂಗಸರೂ ಅರ್ಜಿ ಹಾಕಬಹುದು ಎಂದು ಮರಾಠಿ ಪೇಪರಿನಲ್ಲಿ ಬಂತು. ಅದನ್ನು ಮೊದಲು ಓದಿದವಳು ನಾನು. ಇದನ್ನು ಒತ್ತಿ ಹೇಳುತ್ತಿದ್ದೇನೆ. ಮಾವನವರು ಓದಿಬಿಟ್ಟ ಪೇಪರನ್ನು ಕಾಳಿನ ಡಬ್ಬಿಗಳ ತಳಕ್ಕೆ ಹಾಸುವುದು ನನ್ನ ಕೆಲಸ, ಹಾಸುವ ಮುಂಚೆ ಒಂದೊಂದು ಸಾಲು ಓದುವುದು ನನ್ನ ಚಟ. ಅದೊಂದು ಹಾಳೆಯನ್ನು ಮಾತ್ರ ಹಾಸಲಿಲ್ಲ. ಮಡಿಚಿ ಟ್ರಂಕಿನಲ್ಲಿಟ್ಟೆ. ಬೆಳಿಗ್ಗೆ ಸೀರೆ ಉಟ್ಟು, ಚೀಲ ಹಿಡಿದು, ಮೆಟ್ಟಿಲಿಳಿದು ಹೊರಗೆ ಹೋಗುವ ನನ್ನನ್ನು ನಾನೇ ಎಷ್ಟು ಸಲ ಕಂಡೆನೋ.

ಕಡೆಗೆ ಒಂದು ದಿನ ಮಾವನವರು ಊಟಕ್ಕೆ ಕೂತಾಗ ಕೇಳಿದೆ. ಅವರು ಬೇಡ ಅನ್ನಲಿಲ್ಲ, ಮಜ್ಜಿಗೆ ಕುಡಿಯುತ್ತ ಯೋಚನೆ ಮಾಡಿದರು. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ನೆಗೆಣ್ಣಿಯ ದನಿ ಬಂತು.

"ನಾನೂ ಒಂದು ಅರ್ಜಿ ಹಾಕಲಿ ಏನ್ರಿ ಮಾವಾರ?"

ಮಾವನವರು ನಕ್ಕರು. "ಇಬ್ಬರೂ ಹಾಕ್ರಿ. ಆದ್ರ ಒಂದು ಮಾತು. ಇಬ್ಬರಾಗ ಒಬ್ಬಾಕಿ ಹೋಗಬೇಕು, ಒಬ್ಬಾಕಿ ಮನ್ಯಾಗ ಇರಬೇಕು. ನಿಮ್ಮ ಅತ್ತಿಯ ಮೊಣಕಾಲು ಹಿಡದಾವ. ಇಬ್ಬರೂ ಹೋದ್ರ ಒಲಿ ಮುಂದ ಯಾರು ಕೂಡವ್ರು, ನಾನಾ?"

ಹಾಗಾಗಿ ಸಂಗತಿ ಸ್ಪಷ್ಟ. ಅವಳು ಗೆದ್ದರೆ ಅವಳ ಪಾಲಿನ ಒಲೆಯೂ ನನ್ನದೇ. ಆ ದಿನದಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಅತಿ ಮರ್ಯಾದೆಯಿಂದ ಮಾತಾಡತೊಡಗಿದೆವು. ಗುರುವಾರ ಅತ್ತೆಯ ಜೊತೆ ಅಕ್ಕಲಕೋಟೆಗೆ ಹೋಗಿ ಮಠದಲ್ಲಿ ಅಕ್ಕಪಕ್ಕ ನಿಂತು ಕೈ ಮುಗಿದೆವು. ಇಬ್ಬರೂ ಬೇಡಿದ್ದು ಒಂದನ್ನೇ. ನಾನು ಒಂದು ಕಣ್ಣು ತೆರೆದು ನೋಡಿದೆ. ಅವಳು ಇನ್ನೂ ಕಣ್ಣು ಮುಚ್ಚಿಯೇ ಇದ್ದಳು, ನನಗಿಂತ ಹೆಚ್ಚು ಹೊತ್ತು. ಬೇಡುವುದರಲ್ಲೂ ನನ್ನನ್ನು ಮೀರಿಸುತ್ತಾಳಲ್ಲ ಎಂದು ನಾನು ಮತ್ತೆ ಕಣ್ಣು ಮುಚ್ಚಿದೆ. ಹೀಗೆ ನಾವು ನಿಂತೇ ಇದ್ದದ್ದಕ್ಕೆ ಅತ್ತೆ, "ಬಸ್ ತಪ್ಪತದ, ನಡೀರಿ" ಎಂದು ಬೈದರು.

ಮುಲಾಖತ್ತಿಗೆ, ಅಂದರೆ ಸಂದರ್ಶನಕ್ಕೆ, ಇಬ್ಬರಿಗೂ ಒಂದೇ ದಿನ ಕರೆ ಬಂತು. ಅತ್ತೆ ಇಬ್ಬರ ಅಂಗೈಗೂ ಮೊಸರು ಸಕ್ಕರೆ ಹಾಕಿದರು. ಅವಳ ಕೈಗೆ ಸಕ್ಕರೆ ಹೆಚ್ಚು ಬಿತ್ತು ಎಂದು ನಾನು ಈಗಲೂ ಆಣೆ ಮಾಡಿ ಹೇಳಬಲ್ಲೆ. ಟಾಂಗಾದಲ್ಲಿ ಕೂತು ಹೋದೆವು. ಒಂದು ಕಾಲೇಜಿನ ಕೋಣೆ, ಬಾಗಿಲಿಗೆ ತೆಳ್ಳನೆಯ ಪರದೆ, ಹೊರಗೆ ಕೂಡಲು ಕಟ್ಟಿಗೆಯ ಬಾಕು. ನನ್ನನ್ನು ಮೊದಲು ಕರೆದರು. ನನ್ನ ಹಿರಿತನಕ್ಕೆ ಆ ಮನೆಯಲ್ಲೂ ಈ ಕಚೇರಿಯಲ್ಲೂ ಸಿಕ್ಕ ಮರ್ಯಾದೆ ಅದೊಂದೇ.

ಒಳಗೆ ಮೇಜಿನ ಹಿಂದೆ ಮೂವರು ಗಂಡಸರು, ಕೊನೆಯಲ್ಲಿ ಒಬ್ಬ ಹೆಂಗಸು. ಮೊದಲ ಪ್ರಶ್ನೆ ಮರಾಠಿಯಲ್ಲಿ ಬಂತು: ಪೂರ್ತಿ ಹೆಸರು ಹೇಳಿ.

ನನ್ನ ಹೆಸರು ಹೇಳಿದೆ, ಮನೆತನದ ಅಡ್ಡಹೆಸರು ಹೇಳಿದೆ. ನಡುವೆ ಉಗುಳು ನುಂಗಿದೆ. ಆ ಸೀಮೆಯಲ್ಲಿ ಮದುವೆಯಾದ ಹೆಣ್ಣಿನ ಹೆಸರಿನ ನಡುವೆ ಗಂಡನ ಹೆಸರು ಕೂತಿರುತ್ತದೆ. ಅರ್ಜಿಯಲ್ಲಿ ಬರೆದಿದ್ದೆ, ಬರೆದರೆ ದೋಷವಿಲ್ಲ. ಬಾಯಿಂದ ಅಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಕರಜಗಿಯ ನಮ್ಮ ಅಮ್ಮ, ತಂದೆಯ ತಾಯಿ, ನನ್ನ ಕಿವಿಯಲ್ಲಿ ಹೊಯ್ದಿದ್ದಳು. ಹೇಳಲೇಬೇಕಾದರೆ ಒಡಪು ಎಂಬ ಪ್ರಾಸದ ಸಾಲು ಕಟ್ಟಿ, ಅದರೊಳಗೆ ಹೆಸರನ್ನು ಮುಚ್ಚಿಟ್ಟು ಹೇಳಬೇಕು. ಅದೂ ಮದುವೆ, ಸೀಮಂತ, ಅರಿಷಿಣ ಕುಂಕುಮದಂಥ ದಿನ, ಹೆಂಗಸರ ನಡುವೆ. ಇಷ್ಟು ಓದಿದವಳು ಇದನ್ನು ನಂಬಿದ್ದೆಯಾ ಎಂದರೆ, ಹೌದು, ನಂಬಿದ್ದೆ.

"ನಡುವಿನ ಹೆಸರು?" ಎಂದರು ಕನ್ನಡಕದವರು.

"ಅರ್ಜಿಯಲ್ಲಿದೆ," ಎಂದೆ ಮರಾಠಿಯಲ್ಲಿ.

"ಇದೆ. ನೀವು ಹೇಳಿ."

ನಾನು ಮೇಜಿನ ಮೇಲಿನ ನೀರಿನ ಲೋಟವನ್ನು ನೋಡುತ್ತ ನಿಂತೆ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಆ ಹೆಂಗಸು ನಕ್ಕು, ಹಾಗಾದರೆ ಒಂದು ಉಖಾಣಾ ಹಾಕಿಯೇ ಹೇಳಿಬಿಡಿ ಎಂದಳು. ಒಡಪಿಗೆ ಮರಾಠಿಯಲ್ಲಿ ಉಖಾಣಾ ಎನ್ನುತ್ತಾರೆ. ಎಲ್ಲರೂ ನಕ್ಕರು. ನನಗೆ ಕನ್ನಡದಲ್ಲಿ ಬೇಕಾದಷ್ಟು ಒಡಪು ಬರುತ್ತಿದ್ದವು, ಮರಾಠಿಯಲ್ಲಿ ಒಂದೂ ಇಲ್ಲ. ಸಿಟ್ಟು ಬಂದಾಗ ನನ್ನ ಮರಾಠಿ ಓಡಿಹೋಗುತ್ತದೆ, ಅಂದೂ ಓಡಿಹೋಯಿತು.

"ನೌಕರಿ ನನಗ ಕೊಡಾವ್ರೋ, ನಮ್ಮ ಮನಿಯವರಿಗೆ ಕೊಡಾವ್ರೋ? ಇದೇನು ಅರಿಷಿಣ ಕುಂಕುಮದ ಮನಿ ಅಲ್ರಿ."

ಅವರಲ್ಲೊಬ್ಬರಿಗೆ ಕನ್ನಡ ಬರುತ್ತಿತ್ತೆಂದು ಕಾಣುತ್ತದೆ, ಪೆನ್ನು ಕೆಳಗಿಟ್ಟರು. ಆಮೇಲೆ ಓದಿನ ಬಗ್ಗೆ ಒಂದೆರಡು ಮಾತು ಕೇಳಿ, ಹೋಗಬಹುದು ಎಂದರು. ಹೊರಗೆ ಬಂದರೆ ನೆಗೆಣ್ಣಿ ಬಾಕಿನ ಮೇಲೆ ಪರದೆಗೆ ಕಿವಿ ಹತ್ತಿದಷ್ಟು ಸಮೀಪ ಕೂತಿದ್ದಳು.

"ಏನ್ ಕೇಳಿದ್ರು ಅಕ್ಕಾರ?"

"ಎಲ್ಲಾ ಕೇಳಿಸಿರಬೇಕಲ್ಲ. ಹೋಗು."

ಅವಳು ಸೆರಗು ಸರಿ ಮಾಡಿಕೊಂಡು ಒಳಗೆ ಹೋದಳು. ಅವಳು ಬಿಟ್ಟೆದ್ದ ಬಾಕು ಈಗ ನನಗೆ ಬಂತು. ಅದೇ ಪ್ರಶ್ನೆ ಕೇಳಿದರು. ಅವಳು ಮರಾಠಿಯಲ್ಲಿ ಒಂದು ಉಖಾಣಾ ಹಾಕಿದಳು. ವಿದ್ಯೆಯ ಮನೆಯ ಹೊಸ್ತಿಲಲ್ಲಿ ದೀಪ ಹಚ್ಚುತ್ತೇನೆ, ಇಂಥವರ ಹೆಸರು ಹೇಳಿ ಒಳಗೆ ಬರುತ್ತೇನೆ ಎಂಬಂಥದ್ದು. ಮೈದುನನ ಹೆಸರು ಪರದೆ ದಾಟಿ ನನ್ನವರೆಗೂ ಬಂತು. ಒಳಗೆ ಮೇಜು ತಟ್ಟಿದ ಸದ್ದು, ನಗು. ನಾನು ಒಳಗೆ ಬೇಯುತ್ತಿದ್ದಾಗ ಅವಳು ಹೊರಗೆ ಕೂತು ಪ್ರಾಸ ಕಟ್ಟಿದ್ದಾಳೆ. ನಾನು ಬಿದ್ದ ಕುಣಿಯನ್ನು ನೋಡಿಕೊಂಡು ಅವಳು ದಾಟಿದಳು. ಮೊದಲು ಅವಳನ್ನು ಕರೆದಿದ್ದರೆ ಯಾರು ಬೀಳುತ್ತಿದ್ದರೋ ನೋಡಬೇಕಿತ್ತು.

ಟಾಂಗಾದಲ್ಲಿ ಬರುವಾಗ ಅವಳೇ ಮಾತು ತೆಗೆದಳು. "ನೀವು ಸಿಟ್ಟಾಗಬಾರದಿತ್ತು ಅಕ್ಕಾರ. ಆ ಕೊನಿಗೆ ಕುಂತ ಬಾಯಾರು ಸುಮ್ನ ಚ್ಯಾಷ್ಟಿ ಮಾಡಿದ್ರು."

"ನಿನಗ ಚ್ಯಾಷ್ಟಿ ತಿಳೀತದ. ನನಗ ತಿಳಿಯೂದಿಲ್ಲ," ಎಂದೆ. ಮನೆ ಬರುವ ತನಕ ಕುದುರೆಯ ಬೆನ್ನು ನೋಡುತ್ತ ಕೂತೆ.

ನೌಕರಿ ಅವಳಿಗೇ ಆಯಿತು. ಅವಳ ಟೈಪಿಂಗಿನಿಂದ ಆಯಿತು ಎಂದು ಮಾವನವರು ಹೇಳಿದರು, ಅವಳ ಮರಾಠಿಯಿಂದ ಎಂದು ಅತ್ತೆ ಹೇಳಿದರು. ನನಗೆ ಎರಡೂ ಬೇಕಿರಲಿಲ್ಲ. ಅಡಿಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು. ಪೇಪರು ಓದಿದವಳು ನಾನು, ಮಾವನವರನ್ನು ಕೇಳಿದವಳು ನಾನು, ಪೇಡೆ ಹಂಚಿದ್ದು ಅವಳ ಹೆಸರಿಗೆ. ಪೇಡೆ ತಗೊಳ್ಳಲು ಬಂದ ನೆರೆಮನೆಯವರಿಗೆ ಅತ್ತೆ ಆ ಉಖಾಣೆಯ ಕತೆ ಹೇಳುವಾಗ ನಾನು ಒಳಗೆ ಜೋಳದ ಹಿಟ್ಟು ನಾದುತ್ತಿದ್ದೆ. ಆ ಹಿಟ್ಟಿಗೆ ಅಂದು ಬಿದ್ದಷ್ಟು ಗುದ್ದು ಮತ್ತೆಂದೂ ಬಿದ್ದಿರಲಿಕ್ಕಿಲ್ಲ.

ಆದರೂ ಒಂದು ಸಮಾಧಾನ ಉಳಿದಿತ್ತು. ನಮ್ಮ ಮನೆಯವರು ಇದ್ದಾರೆ. ನಾನು ನೌಕರಿ ಕಳೆದುಕೊಂಡದ್ದು ಅವರ ಆಯುಷ್ಯಕ್ಕಾಗಿ. ಅದು ಅವರಿಗೆ ತಿಳಿದಿರುತ್ತದೆ, ಒಂದು ಒಳ್ಳೆಯ ಮಾತು ಆಡುತ್ತಾರೆ ಎಂದು ಕಾದೆ. ಮಧ್ಯಾಹ್ನ ಅವರು ಅಂಗಡಿಯಿಂದ ಊಟಕ್ಕೆ ಬಂದರು. ಬಿಸಿ ರೊಟ್ಟಿ ಹಾಕಿದೆ, ಬೆಣ್ಣೆ ಹಾಕಿದೆ. ಅವರು ರೊಟ್ಟಿ ಮುರಿಯುತ್ತ ತಲೆ ಎತ್ತದೆ ಕೇಳಿದರು.

"ಅವರು ಕೇಳಿದ್ರ ನೀ ನನ್ನ ಹೆಸರು ಹೇಳಲಿಲ್ಲಂತಲ್ಲ?"

"ಹೆಂಗ ಹೇಳ್ಲಿ? ನಿಮಗ ಏನರೆ ಆದ್ರ?"

"ತಮ್ಮಗ ಏನಾಗ್ಯಾದ? ಕೆಳಗ ಗಟ್ಟಿಮುಟ್ಟಾಗಿ ಕುಂತಾನ. ಮುಂಜಾನಿಂದ ಬಂದ ಗಿರಾಕಿಗೆಲ್ಲಾ ಹೇಳಾಕತ್ತಾನ, ನನ್ನ ಹೆಂಡತಿ ಸಾಹೇಬರ ಮುಂದ ನನ್ನ ಹೆಸರು ಹಿಂಗ ಹೇಳ್ಯಾಳ ಅಂತ." ಸ್ವಲ್ಪ ಹೊತ್ತು ಅಗಿದರು. "ನೀ ಮದುವಿ ದಿನ ಬಾಗಲದಾಗ ನಿಂತು ಒಮ್ಮೆ ಹೇಳಿದ್ದಿ. ಸೆರಗಿನಾಗ ಬಾಯಿ ಇಟ್ಟಗೊಂಡು ಹೇಳಿದಿ. ಹೆಂಗಸರು ನಕ್ಕರು. ನನಗ ಕೇಳಿಸಲಿಲ್ಲ."

ಇಷ್ಟು ವರ್ಷ ಏನನ್ನೂ ಬೇಡದ ಮನುಷ್ಯ. ಉಪ್ಪು ಕಡಿಮೆಯಾದರೂ ಕೇಳಿದವರಲ್ಲ. ಅವರಿಗೂ ಹೊಟ್ಟೆ ಉರಿಯುತ್ತಿದೆ, ಅದೂ ಸ್ವಂತ ತಮ್ಮನ ಮೇಲೆ, ಎಂದು ನನಗೆ ಹೊಳೆದದ್ದು ಆಗ. ಈಗ ಹೇಳಿಬಿಡಲೇ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ನೆಗೆಣ್ಣಿ ಮಜ್ಜಿಗೆಯ ತಂಬಿಗೆ ಹಿಡಿದು ಬಂದಳು, ಭಾವನನ್ನು ಕಂಡು ತಲೆಯ ಮೇಲೆ ಸೆರಗೆಳೆದುಕೊಂಡು ಬಾಗಿಲ ಹತ್ತಿರ ನಿಂತಳು.

ಭಾವನಾದವನು ತಮ್ಮನ ಹೆಂಡತಿಯ ಜೊತೆ ನೇರ ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಕೇಳುವುದಿದ್ದರೆ ನನ್ನ ಬಾಯಿಂದಲೇ ಕೇಳಬೇಕು. ಅವರು ನನ್ನ ಕಡೆ ನೋಡಿ, "ಆ ಉಖಾಣಾ ಒಮ್ಮೆ ಅಂದು ತೋರಸು ಅಂತ ಹೇಳು ಆಕೀಗಿ," ಎಂದರು.

ಅವಳಿಗೆ ಕೇಳಿಸಿತ್ತು, ಆದರೂ ನನ್ನ ಮಾತಿಗಾಗಿ ಕಾದು ನಿಂತಳು. ನಾನು ಹೇಳಿದೆ, "ಹೇಳವಾ, ಕೇಳಾಕತ್ತಾರ."

ಅವಳು ತಂಬಿಗೆ ಕೆಳಗಿಟ್ಟು, ನೆಲ ನೋಡುತ್ತ, ಗಟ್ಟಿಯಾಗಿ, ಎಲ್ಲೂ ತಡವರಿಸದೆ ಹೇಳಿದಳು. ನಮ್ಮ ಮನೆಯವರು ತುತ್ತನ್ನು ಕೈಯಲ್ಲೇ ಹಿಡಿದು ಕೇಳಿದರು. ತಮ್ಮನ ಹೆಸರು ಬರುವ ಜಾಗ ಬಂದಾಗ ಅವರ ತುಟಿ ಸದ್ದಿಲ್ಲದೆ ಅಲ್ಲಾಡಿತು. ಅಲ್ಲಿ ಅವರು ತಮ್ಮದೇ ಹೆಸರನ್ನು ಇಟ್ಟು ನೋಡಿದ್ದರು.