ಕುಂಕುಮ ಹಚ್ಚಿದ ಫ್ಯಾನು

ನಮ್ಮ ಚಿಕ್ಕಪ್ಪ ಸೋಮಲಿಂಗಪ್ಪ ಗದಗಿನ ಕಡೆಯವನು. ಎಮ್ಮೆ ಮೈ ತೊಳೆಯುವ ಕೆರೆ ಬಿಟ್ಟರೆ ಬೇರೆ ನೀರು ಕಾಣದ ಊರಿನಿಂದ ಬಂದು, ಮದರಾಸಿನ ರಾಯಪುರಂನಲ್ಲಿ ಬೋಟಿನ ಇಂಜಿನ್ ಕೆಲಸ ಕಲಿತ. ಹುಟ್ಟಿನಿಂದಲೇ ಅವನ ಬಲಗಾಲು ಗಿಡ್ಡ; ಆ ಕಾಲಿಗೆ ದಪ್ಪ ಅಟ್ಟೆಯ ಮೆಟ್ಟು ಹಾಕಿ ನಡೆಯುತ್ತಿದ್ದ. ಒಳ್ಳೆಯವನೇ, ಆದರೆ ಅವಮಾನ ಮರೆಯುವ ಪೈಕಿಯಲ್ಲ. ನನ್ನ ಮೈಯಲ್ಲಿ ಹರಿಯುವುದೂ ಅದೇ ರಕ್ತ.

ಮಂಗಳೂರಿನ ಭೋಜರಾಜ ಅವನ ಪಾಲುದಾರ. ಇಬ್ಬರೂ ಒಂದು ಬೋಟಿಟ್ಟುಕೊಂಡು, ದೂರದಲ್ಲಿ ಲಂಗರು ಹಾಕಿದ ಹಡಗುಗಳಿಗೆ ಅಕ್ಕಿ, ತರಕಾರಿ ಮುಟ್ಟಿಸುತ್ತಿದ್ದರು. ನೀರಿನಡಿ ತಿರುಗಿ ಬೋಟನ್ನು ತಳ್ಳುವ ರೆಕ್ಕೆಗೆ ಅಲ್ಲಿಯವರು ಫ್ಯಾನು ಎನ್ನುತ್ತಾರೆ. ಇವರದು ಒಂದೇ ಫ್ಯಾನಿನ ಬೋಟು. ಅಂಥ ಬೋಟು ರಿವರ್ಸಿನಲ್ಲಿ ಹಟಮಾರಿ ಎತ್ತಿನ ಹಾಗೆ ಒಂದೇ ಪಕ್ಕಕ್ಕೆ ಎಳೆಯುತ್ತದೆ. ಚಿಕ್ಕಪ್ಪ ಆ ಎಳೆತವನ್ನೇ ನಂಬಿ ಬೋಟನ್ನು ಹಡಗಿನ ಮಗ್ಗುಲಿಗೆ ನಾಜೂಕಾಗಿ ಒರಗಿಸುತ್ತಿದ್ದ. ಎರಡು ಫ್ಯಾನಿನ ಬೋಟಿನಲ್ಲಿ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ ಸುತ್ತುತ್ತದೆ. ಅದು ನಿಂತಲ್ಲೇ ಬುಗುರಿಯಂತೆ ತಿರುಗಬಲ್ಲದು, ಒಂದು ಕೆಟ್ಟರೆ ಇನ್ನೊಂದರ ಬಲದಲ್ಲಿ ದಡ ಸೇರಬಲ್ಲದು. ಡೀಸೆಲ್ ಮಾತ್ರ ಎರಡು ಬಾಯಲ್ಲಿ ಕುಡಿಯುತ್ತದೆ.

ಎಪ್ಪತ್ತಮೂರರ ಆಯುಧಪೂಜೆಯ ದಿನ ಭೋಜರಾಜ ಒಂದು ಮಾತೂ ಹೇಳದೆ ತನ್ನೊಬ್ಬನ ಹೆಸರಿನಲ್ಲಿ ಎರಡು ಫ್ಯಾನಿನ ಬೋಟು ತಂದು ನಿಲ್ಲಿಸಿದ. ಹಡಗಿನ ಏಜೆಂಟರನ್ನೂ ತನ್ನ ಕಡೆ ಮಾಡಿಕೊಂಡಿದ್ದ. ಚಿಕ್ಕಪ್ಪ ಕೇಳಲು ಹೋದರೆ, ಬೋಟು ಕಟ್ಟುವ ದಕ್ಕೆಯ ಜನರೆಲ್ಲರ ಎದುರು ಭೋಜರಾಜ ಹೇಳಿದ:

"ಕುಂಟನಿಗೆ ಒಂಟಿ ಫ್ಯಾನಿನ ಕುಂಟ ಬೋಟೇ ಸಾಕು ಮಾರಾಯ. ನನಗೆ ಎರಡು ಕಾಲುಂಟು."

ಜನ ನಕ್ಕರು. ಚಿಕ್ಕಪ್ಪ ಮನೆಗೆ ಬಂದು, ಬಡಿಸಿದ ಎಲೆಯಿಂದ ಹೋಳಿಗೆ ಎತ್ತಿ ಪಕ್ಕಕ್ಕಿಟ್ಟ. "ಅವನ ಸೊಕ್ಕು ಮುರಿಯೂತನಕ ನಾ ಹೋಳಿಗಿ ಮುಟ್ಟಂಗಿಲ್ಲ," ಎಂದ. ಚಿಕ್ಕಮ್ಮ ಸುಮಿತ್ರಮ್ಮ ಎಷ್ಟು ಬೇಡಿಕೊಂಡರೂ ಕೇಳಲಿಲ್ಲ.

ಹಾವಿನ ದ್ವೇಷ ಹನ್ನೆರಡು ವರುಷ ಎನ್ನುತ್ತಾರೆ. ಚಿಕ್ಕಪ್ಪನಿಗೆ ಅಷ್ಟು ಬೇಕಾಗಲಿಲ್ಲ. ಹಳೆಯ ಬೋಟು ಮಾರಿ, ಬೋಟುಗಳನ್ನು ದಡಕ್ಕೆಳೆದು ರಿಪೇರಿ ಮಾಡುವ ಒಂದು ಶೆಡ್ಡಿನಲ್ಲಿ ಫಿಟ್ಟರಾಗಿ ಸೇರಿ ಕಾಯುತ್ತಾ ಕುಳಿತ. ಎಂಬತ್ತರಲ್ಲಿ ಭೋಜರಾಜನ ಬೋಟು ಅದೇ ಶೆಡ್ಡಿಗೆ ಬಂತು. ಆಯುಧಪೂಜೆ ಹತ್ತಿರವಿತ್ತು. ಬಿಚ್ಚಿದ ಎರಡೂ ಫ್ಯಾನನ್ನು ತೊಳೆದು, ಯಾವುದು ಎಡ ಯಾವುದು ಬಲ ಎಂದು ಕೊರೆದ ಗುರುತಿನ ಮೇಲೆಯೇ ಚಿಕ್ಕಪ್ಪ ವಿಭೂತಿ, ಗಂಧ, ಕುಂಕುಮ ದಪ್ಪಗೆ ಮೆತ್ತಿದ. ಪೂಜೆಯ ಕುಂಕುಮವನ್ನು ಬೋಟು ನೀರಿಗಿಳಿಯುವ ಮೊದಲು ಒರೆಸುವ ಎದೆ ರಾಯಪುರಂನಲ್ಲಿ ಯಾರಿಗೂ ಇಲ್ಲ. ಆಮೇಲೆ ಬಲದ್ದನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ತೊಡಿಸಿದ. ಹಾಗೆ ತೊಡಿಸಿದರೆ ಮುಂದಕ್ಕೆ ಹೋಗು ಎಂದ ಬೋಟು ಹಿಂದಕ್ಕೆ ಹೋಗುತ್ತದೆ.

"ಎರಡು ಕಾಲಿದ್ದಾಂವ ಹೆಂಗ ನಡೀತಾನ ನೋಡೂಣು, ಬಾ," ಎಂದು ಮದರಾಸಿನಲ್ಲೇ ವೆಸ್ಟ್ ಮಾಂಬಲಂನಲ್ಲಿದ್ದ ನನ್ನನ್ನು ಕರೆಸಿದ. ನಾನು ಹಬ್ಬದ ಸೀರೆಯುಟ್ಟು ಹೋದೆ. ಅವನು ಮಾಡಿದ್ದು ನನಗೆ ಗೊತ್ತಿತ್ತು. ಖುಷಿಯೂ ಆಗಿತ್ತು.

ಬೋಟನ್ನು ಹಗ್ಗದಲ್ಲಿ ನೀರಿಗಿಳಿಸಿ, ಹಿಂಭಾಗ ಕಲ್ಲುಗೋಡೆಯ ಕಡೆಗಿರುವಂತೆ ನಿಲ್ಲಿಸಿದ್ದರು. ಏಜೆಂಟರು ಬಂದರು, ತೆಂಗಿನಕಾಯಿ ಒಡೆಯಿತು. ಭೋಜರಾಜ ಹಾರ ಹಾಕಿಕೊಂಡು ಬೋಟಿನ ಹಿಂತುದಿಯಲ್ಲಿ ನಿಂತು ಕೈ ಬೀಸಿದ. ಡ್ರೈವರ್ ಲಿವರನ್ನು ಮುಂದಕ್ಕೆ ತಳ್ಳಿದ. ಬೋಟು ಹಿಂದಕ್ಕೆ ಹೊರಟಿತು.

ಜನ ಹೋ ಎಂದು ನಕ್ಕರು. ಚಿಕ್ಕಪ್ಪನೂ ನಕ್ಕ, ನಾನೂ ನಕ್ಕೆ. ಗೋಡೆ ಹತ್ತಿರವಾದಾಗ ಭೋಜರಾಜ ಎಲ್ಲ ಬೋಟಿನವರೂ ಮಾಡುವ ತಪ್ಪನ್ನೇ ಮಾಡಿದ: ಬೋಟನ್ನು ತಡೆಯಲು ಕಾಲು ಚಾಚಿದ. ಕಾಲು ಗೋಡೆಗೂ ಬೋಟಿಗೂ ನಡುವೆ ಸಿಕ್ಕಿತು. ಅವನ ಕೂಗು ಕೇಳಿ ಗಾಬರಿಯಾದ ಡ್ರೈವರ್, ಬೋಟನ್ನು ಬಿಡಿಸಲೆಂದು ಲಿವರನ್ನು ಇನ್ನೂ ಮುಂದಕ್ಕೆ ಒತ್ತಿದ. ಬೋಟು ಆ ಕಾಲನ್ನು ಇನ್ನೂ ಬಲವಾಗಿ ಗೋಡೆಗೆ ಅದುಮಿತು.

ಬಿಡಿಸುವ ದಾರಿ ಗೊತ್ತಿದ್ದವನು ಚಿಕ್ಕಪ್ಪ. ಹೇಳಿದರೆ ಕಳ್ಳ ಯಾರೆಂದು ತಾನೇ ಸಾರಿದಂತೆ. ನಾನು ಅವನ ಮುಖ ನೋಡಿದೆ. ನಗು ಅಲ್ಲೇ ಒಣಗಿತ್ತು, ಬಾಯಿ ಮಾತ್ರ ತೆರೆಯಲಿಲ್ಲ. ಭೋಜರಾಜ ಎರಡನೆಯ ಸಲ ಕೂಗಿದ. ಆಗ ಚಿಕ್ಕಪ್ಪ ಗಂಟಲು ಹರಿಯುವಂತೆ ಅರಚಿದ: "ರಿವರ್ಸ್ ಪೋಡುಡಾ! ರಿವರ್ಸ್!"

ಹಿಂದಕ್ಕೆ ಹೋಗುತ್ತಿರುವ ಬೋಟಿಗೆ ರಿವರ್ಸ್ ಹಾಕು ಎನ್ನುವುದು ಹುಚ್ಚು ಮಾತು. ಆದರೂ ಡ್ರೈವರ್ ಹಾಕಿದ. ಬೋಟು ಗೋಡೆ ಬಿಟ್ಟು ಮುಂದೆ ಬಂತು.

ಆ ಸಂಜೆ ಚಿಕ್ಕಪ್ಪ ಹೋಳಿಗೆ ಕೇಳಿ ಹಾಕಿಸಿಕೊಂಡು ತಿಂದ. ನಾನೂ ತಿಂದೆ. ಮಾಡಿದ್ದುಣ್ಣೋ ಮಹಾರಾಯ ಎಂದು ಭೋಜರಾಜನಿಗೆ ಮನಸ್ಸಿನಲ್ಲೇ ಹೇಳಿದೆ.

ಪೊಂಗಲ್ ಕಳೆದ ಮೇಲೆ ಭೋಜರಾಜ ಕೋಲೂರಿಕೊಂಡು ಶೆಡ್ಡಿಗೆ ಬಂದ. ಪೊಲೀಸರನ್ನು ತರುತ್ತಾನೆಂದು ಎಲ್ಲರೂ ಅಂದುಕೊಂಡಿದ್ದೆವು, ಒಬ್ಬನೇ ಬಂದಿದ್ದ. ಅವನ ಎಡಗಾಲು ಗಿಡ್ಡವಾಗಿತ್ತು.

"ರಿವರ್ಸ್ ಅಂತ ನೀನು ಕೂಗಿದಾಗಲೇ ನನಗೆ ಗೊತ್ತಾಯ್ತು, ಸೋಮಲಿಂಗ," ಎಂದ. "ಕುಂಟ ಅಂದದ್ದು ನನ್ನ ತಪ್ಪು. ಆದ್ರೆ ಮೊದಲ್ನೇ ಸಲ ನಾನು ಕೂಗಿದಾಗ್ಲೇ ಹೇಳಬಹುದಿತ್ತಲ್ಲ ಮಾರಾಯ."

ಚಿಕ್ಕಪ್ಪ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ನಿನ್ನ ಆ ದಪ್ಪ ಅಟ್ಟೆ ಮೆಟ್ಟು ಎಲ್ಲಿ ಹೊಲಿಸ್ತಿ? ಅದನ್ನು ಕೇಳ್ಲಿಕ್ಕೆ ಬಂದದ್ದು."

ಚಿಕ್ಕಪ್ಪ ದಾರಿ ಹೇಳಲಿಲ್ಲ, ತಾನೇ ಕರೆದುಕೊಂಡು ಹೋದ. ಒಬ್ಬ ಬಲಕ್ಕೆ ವಾಲುತ್ತಾ, ಒಬ್ಬ ಎಡಕ್ಕೆ ವಾಲುತ್ತಾ ಬೀದಿಯುದ್ದಕ್ಕೂ ಹೋದರಂತೆ.

ಆ ಯುಗಾದಿಗೆ ಚಿಕ್ಕಮ್ಮ ಹೋಳಿಗೆ ಬಡಿಸಿದಾಗ ಚಿಕ್ಕಪ್ಪ ಎತ್ತಿ ಪಕ್ಕಕ್ಕಿಟ್ಟ. ಸಾಯುವವರೆಗೂ ಮುಟ್ಟಲಿಲ್ಲ. ಈ ಸಲ ಅವನು ಯಾವ ಶಪಥವನ್ನೂ ಮಾಡಿರಲಿಲ್ಲ.