ರೇಡಿಯೋಕ್ಕೆ ಬೆಳಗಿದ ಆರತಿ

ಆಗಿನ ಮುಂಬಯಿಯಲ್ಲಿ ರೇಡಿಯೋ ಮನೆಗೊಂದಲ್ಲ, ಚಾಳಿಗೊಂದು. ಖೋಲಿಗೊಂದು ಸಂಸಾರವಿದ್ದ ವಡಾಲದ ನಮ್ಮ ಚಾಳಿನಲ್ಲಿ ಅದು ಕಮಲಕ್ಕನ ಖೋಲಿಯಲ್ಲಿತ್ತು. ಕಮಲಕ್ಕ ಉಡುಪಿ ಕಡೆಯವರು. ಅವರ ಗಂಡ ಶೀನಪ್ಪಯ್ಯ ಮಾಟುಂಗದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಗುಂಡಿ ತಿರುವಿದ ಕೂಡಲೇ ಮಾತಾಡುವ ರೇಡಿಯೋ ಅಲ್ಲ ಅದು. ಮೊದಲು ಹಸಿರು ದೀಪ ಹೊತ್ತಬೇಕು, ಒಳಗಿನ ವಾಲ್ವುಗಳು ಕಾಯಬೇಕು, ಕಾದ ಧೂಳಿನ ವಾಸನೆ ಬರಬೇಕು, ಆಮೇಲೆ ದನಿ. ಈಗಲೂ ಇಸ್ತ್ರಿಪೆಟ್ಟಿಗೆ ಕಾಯುವಾಗ ಆ ವಾಸನೆ ಬಂದರೆ ಯಾರೋ ಹಾಡಲಿದ್ದಾರೆ ಎಂದು ನನಗೆ ಅನಿಸುತ್ತದೆ.

ರೇಡಿಯೋದ ಮೇಲೆ ಒಂದು ಬಟ್ಟೆ ಹೊದಿಸಿತ್ತು. ಗೋಪುರ, ನವಿಲು, ತುಳಸಿಕಟ್ಟೆ ಎಲ್ಲಾ ಇದ್ದ ಕಸೂತಿ, ಸುತ್ತ ಗೊಂಡೆ. ಅದನ್ನು ಹಾಕಿದವಳು ನಮ್ಮವ್ವ. ನಾವು ಧಾರವಾಡದವರು. ಅಪ್ಪನಿಗೆ ಬಂದರಿನ ಕಡೆ ಗುಮಾಸ್ತಿಕೆ. ಒಂದೇ ಖೋಲಿಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿ ಅಂದರೆ ನಮ್ಮಜ್ಜಿ, ಮತ್ತು ನಾನು. ಮಳೆಗಾಲದಲ್ಲಿ ಹಗ್ಗದ ಮೇಲಿನ ಒದ್ದೆ ಸೀರೆಗಳ ಕೆಳಗೆ ಬಾಗಿಕೊಂಡೇ ಓಡಾಡಬೇಕು. ಕಲ್ಲಿದ್ದಲಿನ ಸಿಗಡಿ ಒಲೆಯ ಹೊಗೆ, ಒಣಗದ ಬಟ್ಟೆಯ ಮುಗ್ಗಲು ವಾಸನೆ, ಮೇಲೆ ಅವ್ವ ಹುರಿಯುವ ಶೇಂಗಾದ ಘಮ. ನಾವು ಮಕ್ಕಳು ಉದ್ದನೆಯ ವರಾಂಡದಲ್ಲಿ ಕುಂಟಬಿಲ್ಲೆ ಆಡಿ ಬೇಸರವಾದರೆ ರೇಡಿಯೋ ಆಟ ಆಡುತ್ತಿದ್ದೆವು. ಡಾಲ್ಡಾ ಡಬ್ಬಿಯೇ ಮೈಕು. ಅದರೊಳಗೆ ಮುಖವಿಟ್ಟು "ಇದು ಮುಂಬಯಿ" ಎಂದರೆ ನಮ್ಮ ದನಿ ನಮಗೇ ದೊಡ್ಡದಾಗಿ ಕೇಳುತ್ತಿತ್ತು.

ಅವ್ವನದು ಓದು ಕಡಿಮೆ, ಹಾಡು ಬಹಳ. ಆರತಿ ಹಾಡು, ಬೀಗರ ಹಾಡು, ತೊಟ್ಟಿಲ ಹಾಡು, ಯಾವುದು ಕೇಳಿದರೂ ಬರುತ್ತಿತ್ತು. ನಮ್ಮ ಕಡೆ ಇಂಥ ಹಾಡನ್ನು ಒಬ್ಬರೇ ಹಾಡುವ ಪದ್ಧತಿಯಿಲ್ಲ. ಒಬ್ಬಳು ಒಂದು ಸಾಲು ಹೇಳಿ ಬಿಡುತ್ತಾಳೆ, ಉಳಿದವರು ಅದನ್ನೇ ಹಿಂದೆ ಹಾಡುತ್ತಾರೆ. ಅಷ್ಟರಲ್ಲಿ ಹಾಡುವವಳಿಗೆ ಉಸಿರು ತೆಗೆದುಕೊಳ್ಳಲು ಸಮಯ ಸಿಗುತ್ತದೆ. ಚಾಳಿನ ಹೆಂಗಸರೆಲ್ಲ ಅವ್ವನ ಹಿಂದೆ ಹಾಡುತ್ತಿದ್ದರು. ಅಜ್ಜಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಸೊಸೆಯ ಹಿಂದೆ ಅತ್ತೆ ಹಾಡುವುದೆಂದರೇನು? ಗೋಡೆಗೆ ಒರಗಿ ಬತ್ತಿ ಹೊಸೆಯುತ್ತ ಕೂರುತ್ತಿದ್ದಳು.

ಒಂದು ವರ್ಷ ಮಾಟುಂಗದಲ್ಲಿ ಅರಿಶಿನ ಕುಂಕುಮಕ್ಕೆ ಹೋದಾಗ ರೇಡಿಯೋ ಸ್ಟೇಷನ್ನಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಅವ್ವನ ಹಾಡು ಕೇಳಿದರು. ಹೆಂಗಸರ ಕಾರ್ಯಕ್ರಮದಲ್ಲಿ ಕನ್ನಡಕ್ಕೂ ಕಾಲು ಗಂಟೆ ಇರುತ್ತಿತ್ತು. ಶ್ರಾವಣದ ಒಂದು ಶುಕ್ರವಾರ ಬಂದು ಹಾಡಬೇಕೆಂದು ಕರೆದರು. ಅಪ್ಪ ಕುಣಿಯುವುದೊಂದು ಬಾಕಿ. ಅಜ್ಜಿಗೆ ಸಿಟ್ಟು ಬಂತು.

"ದೇವರ ಹಾಡು ಬೀಡೀ ಅಂಗಡಿಯೊಳಗ ಕೇಳಸಬೇಕೇನ? ಯಾರು ಕೂತು ಕೇಳ್ತಾರ, ಯಾರು ಉಗುಳಿಕೋತ ಕೇಳ್ತಾರ, ಯಾರಿಗೆ ಗೊತ್ತು?"

"ನೀವು ಒಬ್ರು ಕೇಳಿದ್ರ ಸಾಕರಿ ನನಗ," ಎಂದಳು ಅವ್ವ.

"ನಾ ಯಾಕ ಕೇಳಲಿ. ನಾ ಆ ಹೋಟೆಲಿನವರ ಖೋಲಿ ಮೆಟ್ಟಲಾ ಸೈತ ಹತ್ತಾಕಿ ಅಲ್ಲ."

ಅವ್ವ ಭಾಂಡೆ ತಿಕ್ಕುವಾಗ, ಅಕ್ಕಿ ಆರಿಸುವಾಗ ರೇಡಿಯೋದಲ್ಲಿ ಹಾಡಬೇಕಾದ ಮೂರು ಹಾಡುಗಳನ್ನು ಮೆಲ್ಲಗೆ ಗುನುಗಿಕೊಳ್ಳುತ್ತಿದ್ದಳು. ಕಡೆಯದು ಶುಕ್ರವಾರದ ಗೌರಿಯ ಆರತಿ ಹಾಡು, ಅದು ಅಜ್ಜಿಯೇ ಅವಳಿಗೆ ಕಲಿಸಿದ್ದು. ಅದನ್ನೇ ಆರಿಸಿಕೊಂಡದ್ದು ಏಕೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆ ಶುಕ್ರವಾರ ಮಧ್ಯಾಹ್ನ ಅವ್ವ ಇಳಕಲ್ಲ ಸೀರೆಯುಟ್ಟು ಅಪ್ಪನ ಜೊತೆ ಲೋಕಲ್ ಹಿಡಿದು ಹೋದಳು. ಚಾಳಿನ ಹೆಂಗಸರೆಲ್ಲ ಊಟದ ಕೈ ತೊಳೆದು ಕಮಲಕ್ಕನ ಖೋಲಿಯಲ್ಲಿ ತುಂಬಿಕೊಂಡರು. ಶೀನಪ್ಪಯ್ಯ ಹೋಟೆಲಿಗೆ ರಜೆ ಹೇಳಿ ಗುಂಡಿಯ ಹತ್ತಿರವೇ ಸ್ಟೂಲು ಹಾಕಿಕೊಂಡು ಕೂತಿದ್ದರು. "ಯಾರೂ ಮುಟ್ಟಬೇಡಿ ಮಾರಾಯ್ರೆ, ಈಗ ಸ್ಟೇಷನ್ ಸರೀ ಸಿಕ್ಕಿಯುಂಟು," ಎಂದು ಎಲ್ಲರನ್ನೂ ಹೆದರಿಸುತ್ತಿದ್ದರು. ರೇಡಿಯೋದಲ್ಲಿ ಅವ್ವನ ಹೆಸರು ಹೇಳಿದರು. ಮೊದಲನೆಯ ಹಾಡು ಬಂತು. ಪೆಟ್ಟಿಗೆಯೊಳಗಿಂದ ನಮ್ಮವ್ವನ ದನಿ. ನನಗೆ ಹೆಮ್ಮೆಗಿಂತ ಮೊದಲು ಅಳು ಬಂತು, ಅವಳು ಅಷ್ಟು ದೂರ ಹೋಗಿಬಿಟ್ಟಳಲ್ಲ ಎಂದು.

ಎರಡನೆಯ ಹಾಡು ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಕೈಯಲ್ಲಿ ಆರತಿ ತಟ್ಟೆ, ಎರಡು ಬತ್ತಿ ಹೊತ್ತಿಸಿದ್ದು.

ಎಲ್ಲರೂ ಸರಿದು ಜಾಗ ಬಿಟ್ಟರು. ಅಜ್ಜಿ ಯಾರ ಮುಖವನ್ನೂ ನೋಡದೆ, "ಆರತಿ ಹಾಡಿಗೆ ಆರತಿ ಇಲ್ಲದ ಕೂತೀರಲ್ಲ, ಬುದ್ಧಿ ಐತೇನ?" ಎಂದು ರೇಡಿಯೋದ ಮುಂದೆ ಹೋಗಿ ನಿಂತಳು. ಅಷ್ಟರಲ್ಲಿ ಆ ಹಾಡೇ ಶುರುವಾಯಿತು. ಅವ್ವ ಒಂದು ಸಾಲು ಹಾಡಿ ಬಿಟ್ಟಳು. ಪೆಟ್ಟಿಗೆ ಸುಮ್ಮನಾಯಿತು. ಆಗ ಅಜ್ಜಿ, ಯಾವತ್ತೂ ತುಟಿ ಬಿಚ್ಚದ ಅಜ್ಜಿ, ಆ ಸಾಲನ್ನು ಹಿಂದೆ ಹಾಡಿದಳು. ಅವಳ ಜೊತೆ ಖೋಲಿಯೇ ಹಾಡಿತು. ಅವ್ವ ಮುಂದಿನ ಸಾಲು, ಮತ್ತೆ ನಾವೆಲ್ಲ. ಅಲ್ಲಿ ಅವ್ವ, ಇಲ್ಲಿ ನಾವು, ಒಂದಿಷ್ಟೂ ತಾಳ ತಪ್ಪಲಿಲ್ಲ. ಅಷ್ಟು ಸಂತೋಷದ ಹಾಡನ್ನು ನಾನು ಆಮೇಲೆ ಕೇಳಿಲ್ಲ.

ಹಾಡಿನ ಇನ್ನೂ ಒಂದೆರಡು ನುಡಿ ಉಳಿದಿರಬಹುದು. ಅಜ್ಜಿ ಕಣ್ಣು ಮುಚ್ಚಿ ಆರತಿ ಬೆಳಗುತ್ತಿದ್ದಳು. ತಟ್ಟೆ ಕೊಂಚ ಮೇಲಕ್ಕೆ ಹೋಯಿತು, ಕಸೂತಿಯ ಗೊಂಡೆಗೆ ಬತ್ತಿ ತಗುಲಿತು, ಬಟ್ಟೆ ಭಗ್ಗನೆ ಹತ್ತಿಕೊಂಡಿತು. ಶೀನಪ್ಪಯ್ಯ ಗಾಬರಿಯಿಂದ ಮೂಲೆಯಲ್ಲಿದ್ದ ಕೊಡದ ನೀರನ್ನು ಎತ್ತಿ ರೇಡಿಯೋದ ಮೇಲೇ ಸುರಿದರು. ಉರಿ ಆರಿತು, ಆರತಿಯೂ ಆರಿತು. ಒಳಗೆ ಚುರ್ ಎಂದು ಸದ್ದಾಗಿ ಹಸಿರು ದೀಪವೂ ಹೋಯಿತು.

ಕಮಲಕ್ಕ ರೇಡಿಯೋ ಹೋಯಿತೆಂದು ಒಂದು ಮಾತೂ ಆಡಲಿಲ್ಲ, ಪುಣ್ಯಾತ್ಮಳು. ಅಜ್ಜಿ ಆರಿದ ಬತ್ತಿಗಳ ತಟ್ಟೆ ಹಿಡಿದೇ ನಿಂತಿದ್ದಳು. ಹಾಡಿನ ನಡುವೆ ಆರತಿ ಆರುವುದೆಂದರೆ ನಮ್ಮಲ್ಲಿ ದೊಡ್ಡ ಅಪಶಕುನ, ಅದೂ ಮನೆಯ ಸೊಸೆ ಹಾಡುವಾಗ.

"ಆಕೀಗೆ ಯಾರೂ ಹೇಳಬ್ಯಾಡ್ರಿ," ಎಂದಳು. "ಮನಸಿಗೆ ಹಚ್ಚಿಕೊಂಡಾಳು. ಪೂರ್ತಿ ಕೇಳಿದ್ವಿ ಅಂತನ ಹೇಳ್ರಿ." ನಮಗೆ ಮಕ್ಕಳಿಗೆ ಆಣೆ ಹಾಕಿಸಿದಳು. ಸುಟ್ಟ ಬಟ್ಟೆಯನ್ನು ಕಮಲಕ್ಕ ಟ್ರಂಕಿನ ತಳಕ್ಕೆ ಸೇರಿಸಿದರು, ರೇಡಿಯೋವನ್ನು ಶೀನಪ್ಪಯ್ಯ ರಿಪೇರಿಯ ನೆಪದಲ್ಲಿ ಹೊರಗೆ ಸಾಗಿಸಿದರು.

ಸಂಜೆ ಅವ್ವ ಬಂದಳು. ಚಪ್ಪಲಿ ಬಿಡುವ ಮೊದಲೇ ಅಜ್ಜಿಯ ಮುಖ ನೋಡಿದಳು. "ಕೇಳಸ್ತೇನ್ರಿ?"

"ಕೇಳಸದ ಏನು. ಎಲ್ಲಾ ಕೇಳಿದೆ," ಎಂದಳು ಅಜ್ಜಿ. "ಅದರಾಗ ಕಡೀ ನುಡಿ ಅಂತೂ ಭಾಳ ಛಂದ ಹೇಳಿದಿ."

"ಹೌದು ಮಾರಾಯ್ತಿ," ಎಂದರು ಕಮಲಕ್ಕ. "ಕಡೆಯ ನುಡಿಗೆ ನನಗೆ ಕಣ್ಣಲ್ಲಿ ನೀರೇ ಬಂತು."

ಅವ್ವ ಒಬ್ಬೊಬ್ಬರನ್ನೇ ನೋಡಿದಳು. "ಹೌದೇನ್ರಿ," ಎಂದು ಒಳಗೆ ಹೋಗಿ ಸೀರೆ ಬದಲಿಸಿ ಸಿಗಡಿಗೆ ಇದ್ದಲು ಹಾಕಿದಳು. ದಣಿದಿದ್ದಾಳೆ ಎಂದುಕೊಂಡೆವು.

ದೀಪಾವಳಿಯ ಮುಂದೆ ಸ್ಟೇಷನ್ನಿನಿಂದ ಮತ್ತೆ ಕರೆ ಬಂತು. ಅವ್ವ ಒಲ್ಲೆನೆಂದಳು. ಅಪ್ಪ ಹೇಳಿ ಸೋತ. ಮನೆಯಲ್ಲಿ ಹಬ್ಬಕ್ಕೆ ಹಾಡಿದರೆ ಹಾಡಿದಳು, ರೇಡಿಯೋದ ಮಾತು ತೆಗೆದರೆ ಎದ್ದು ಹೋಗುತ್ತಿದ್ದಳು. ಅಜ್ಜಿ ಒಮ್ಮೊಮ್ಮೆ ಏನೋ ಹೇಳಹೋಗಿ ಬತ್ತಿ ಹೊಸೆಯಲು ಕೂತುಬಿಡುತ್ತಿದ್ದಳು. ಹೀಗೇ ಇದ್ದು ಅಜ್ಜಿ ತೀರಿಕೊಂಡಳು.

ಎಷ್ಟೋ ವರ್ಷಗಳ ಮೇಲೆ, ನಾವು ಸಯನ್‌ನ ಫ್ಲ್ಯಾಟಿಗೆ ಬಂದಾಗಿತ್ತು. ಟೀವಿಯಲ್ಲಿ ಮಕ್ಕಳ ಹಾಡಿನ ಸ್ಪರ್ಧೆ ನಡೆದಿತ್ತು. ನೋಡುತ್ತ ಕೂತಿದ್ದ ಅವ್ವ ತಟ್ಟನೆ, "ನಾನೂ ಒಮ್ಮೆ ರೇಡಿಯೋದಾಗ ಹಾಡಿದ್ದೆ. ಯಾರೂ ಕೇಳಲಿಲ್ಲ," ಎಂದಳು.

"ಯಾಕವ್ವಾ, ಎಲ್ಲಾರೂ ಕೇಳಿದ್ವೆಲ್ಲಾ."

"ಎಲ್ಲಿ ಕೇಳಿದ್ರಿ. ಕಡೀ ನುಡಿ ನಾ ಹಾಡೇ ಇಲ್ಲ." ಅವ್ವ ಟೀವಿಯ ಮೇಲಿನ ಕಣ್ಣು ತೆಗೆಯಲಿಲ್ಲ. "ಆ ಸ್ಟೇಷನ್ನಿನ ಬಾಯಾರು ಮೊದಲ ಹೇಳಿದ್ರು, ನಡುವ ನಿಲ್ಲಬ್ಯಾಡ್ರಿ ಅಂತ. ಎರಡು ಹಾಡು ನಿಲ್ಲದ ಹಾಡಿದೆ. ಆರತಿ ಹಾಡಿಗೆ ರೂಢಿ ಬಿಡಲಿಲ್ಲ ನೋಡು, ಸಾಲು ಹೇಳಿ ಬಿಟ್ಟುಬಿಟ್ಟೆ. ಆ ಸ್ಟೇಷನ್ನಿನ ಖೋಲಿಯೊಳಗ ಒಂದು ಪಿಟ್ಟೆನ್ನೂ ಸಪ್ಪಳಿಲ್ಲ. ಬಿಟ್ಟಲ್ಲೆಲ್ಲಾ ವ್ಯಾಳ್ಯಾ ಹೋತು. ಕಡೀ ನುಡಿ ಬರೂದರಾಗ ಗಾಜಿನ ಆಚಿಂದ ಕೈ ಮಾಡಿ ನಿಲ್ಲಸಿದ್ರು. ಮನೀಗೆ ಬಂದರ, ಕಡೀ ನುಡಿ ಛಂದಿತ್ತು ಅಂದ್ರು ಅತ್ತಿಯವರು. ಆವಾಗ ತಿಳೀತು, ಅವರು ಕೇಳಾಕ ಹೋಗೇ ಇಲ್ಲ, ಸುಮ್ನ ನನ್ನ ಸಮಾಧಾನಕ್ಕ ಹೇಳಿದ್ರು ಅಂತ."

ಆಣೆ ಹಾಕಿಸಿದವಳೂ ಇಲ್ಲ, ಆ ಚಾಳೂ ಇಲ್ಲ. ಎಲ್ಲವನ್ನೂ ಹೇಳಿದೆ. ತಟ್ಟೆ, ಗೊಂಡೆ, ಕೊಡದ ನೀರು. ಅವ್ವ ರೇಡಿಯೋ ಸುಟ್ಟದ್ದನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ.

"ಅತ್ತಿಯವರು ನನ್ನ ಹಿಂದ ಹಾಡಿದ್ರೇನ?"

"ಹಾಡಿದ್ಲು."

"ನಾ ಬಿಟ್ಟಲ್ಲೆ?"

"ನೀ ಬಿಟ್ಟ ಪ್ರತಿ ಸಾಲೂ, ಅವ್ವಾ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಒಬ್ರರೆ ಹೇಳಬಾರದಾಗಿತ್ತೇನ," ಎಂದಳು. "ಮತ್ತ ಹೋಗ್ತಿದ್ದೆ ನಾ. ಕರದಾಗೆಲ್ಲಾ ಹೋಗ್ತಿದ್ದೆ." ಆ ಹೊತ್ತಿಗೆ ವಯಸ್ಸಾಗಿ ಅವಳ ದನಿ ಒಡೆದುಹೋಗಿತ್ತು. ಕಡೆಯ ನುಡಿ ಹಾಡಿ ತೋರಿಸು ಎಂದರೆ ತಲೆಯಾಡಿಸಿ ಬೇಡವೆಂದಳು. ರೇಡಿಯೋದವರು ಆಗ ನೇರವಾಗಿ ಹಾಡಿಸಿ ಪ್ರಸಾರ ಮಾಡಿದ್ದು. ಟೇಪಿನಲ್ಲಿ ಹಿಡಿದಿಟ್ಟುಕೊಂಡವರು ಯಾರೂ ಇಲ್ಲ. ಆ ದನಿ ಈಗ ಎಲ್ಲಿಯೂ ಇಲ್ಲ.

ಅವ್ವ ಹೋದಮೇಲೆ ಶ್ರಾವಣದ ಶುಕ್ರವಾರ ಆ ಆರತಿ ಹಾಡನ್ನು ನಾನೇ ಹಾಡುತ್ತೇನೆ. ನನಗೂ ರೂಢಿ ಬಿಟ್ಟಿಲ್ಲ, ಒಂದು ಸಾಲು ಹೇಳಿ ಬಿಡುತ್ತೇನೆ. ಫ್ಲ್ಯಾಟಿನಲ್ಲಿ ಫ್ರಿಜ್ಜಿನ ಸದ್ದು ಮಾತ್ರ ಕೇಳುತ್ತದೆ. ಮೊಮ್ಮಗಳು ಒಳಗಿನಿಂದ ತಲೆ ಹಾಕಿ, ಪಾಪ, ನನಗೆ ನೆರವಾಗಲೆಂದೇ ಹಿಂದಿಯಲ್ಲಿ ಕೇಳುತ್ತಾಳೆ: "ಅಜ್ಜೀ, ಆಗೇ ಭೂಲ್ ಗಯೀ ಕ್ಯಾ?"

ಮರೆತಿಲ್ಲ ಎಂದು ಹೇಳಿ ಮುಂದಿನ ಸಾಲು ಹಾಡುತ್ತೇನೆ.