ಗುಂಡು ಹಿಡಿಯ ಬುಡದ ಅಂಚು

ಹಳೆಯ ಹತ್ತರಿಯೊಂದನ್ನು ಕೈಗೆ ಕೊಟ್ಟರೆ ಸಾಕು, ಅದು ಯಾವ ಕಾಲದ್ದೆಂದು ಆ ಬಡಗಿ ಹೇಳಿಬಿಡುತ್ತಿದ್ದ. ಮರ ಹೆರೆದು ನಯಮಾಡುವ ಆ ಕಬ್ಬಿಣದ ಉಪಕರಣವನ್ನು ಕಾರ್ಖಾನೆಯವರು ಆಗಾಗ ಚೂರುಪಾರು ಬದಲಿಸುತ್ತಲೇ ಬಂದಿದ್ದರು. ಮುಂಭಾಗದ ಮರದ ಗುಂಡು ಹಿಡಿ ಮೊದಲು ಗಿಡ್ಡಕ್ಕಿತ್ತು, ಆಮೇಲೆ ಎತ್ತರವಾಯಿತು. ಎತ್ತರದ್ದು ಬುಡದಲ್ಲಿ ಸೀಳು ಬಿಡತೊಡಗಿದಾಗ ಅದರ ಸುತ್ತಲೂ ಉಂಗುರದಂಥ ಅಂಚನ್ನು ಕಬ್ಬಿಣದ ಎರಕದಲ್ಲೇ ಕೂಡಿಸಿದರು.

"ಯಜಮಾನ್ರೇ, ಮನುಷ್ಯರ ವಯಸ್ಸೂ ಹೇಳ್ತೀರಾ?" ಎಂದು ಗಿರಾಕಿಗಳು ಚುಡಾಯಿಸಿದರೆ, "ತಿರುಪು ಬಿಚ್ಚಿ ನೋಡ್ಬೇಕು, ಬಾ ಹತ್ರ," ಎನ್ನುತ್ತಿದ್ದ.

ಈ ವಿದ್ಯೆ ಕಲಿತದ್ದು ಮಾತ್ರ ಹಠಕ್ಕೆ. ಅಪ್ಪ ತೀರಿಕೊಂಡ ವಾರದಲ್ಲೇ ಅಪ್ಪನ ಹತ್ತರಿ ಕಾಣೆಯಾಗಿತ್ತು. ಆರು ವರ್ಷದ ಮೇಲೆ ಅಣ್ಣನ ಕೆಲಸದ ಮೇಜಿನ ಮೇಲೆ ಥೇಟ್ ಅಂಥದ್ದೇ ಒಂದನ್ನು ಬಾಗಿಲಲ್ಲಿ ನಿಂತು ಕಂಡ.

"ನಾನೇ ಕೊಂಡಿದ್ದು ಕಣೋ. ಒಳಗೆ ಬಾ, ಕೈಲಿ ಹಿಡಿದು ನೋಡು," ಎಂದ ಅಣ್ಣ.

"ಕದ್ದ ಮಾಲು ನಾನು ಮುಟ್ಟಲ್ಲ," ಎಂದು ಇವನು ಹೊಸ್ತಿಲಿಂದಲೇ ತಿರುಗಿ ಬಂದ.

ಒಂದಲ್ಲ ಒಂದು ದಿನ ಆಧಾರ ಮುಂದಿಟ್ಟು ಅಣ್ಣನ ಬಾಯಿ ಮುಚ್ಚಿಸಬೇಕೆಂದು ಹಳೇ ರಸೀದಿ, ಕಾರ್ಖಾನೆಯ ಹಳೇ ಪಟ್ಟಿಗಳನ್ನೆಲ್ಲ ಹುಡುಕಿ ಓದಿದ, ಸಿಕ್ಕಸಿಕ್ಕ ಹತ್ತರಿಗಳನ್ನು ಬಿಚ್ಚಿ ನೋಡಿದ. ಮೂವತ್ತು ವರ್ಷ ಅಣ್ಣನ ಮನೆ ಕಡೆ ತಲೆ ಹಾಕಲಿಲ್ಲ.

ಮೊನ್ನೆ ಅತ್ತಿಗೆ ಚೀಲ ಹಿಡಿದು ಅಂಗಡಿಗೆ ಬಂದಳು.

"ಅವರಿಗೀಗ ಯಾರ ಗುರುತೂ ಸಿಗಲ್ಲ ಕಣಪ್ಪ. ಇದರ ಮೇಲೆ ತಾನೇ ನಿನ್ನ ಕಣ್ಣಿದ್ದದ್ದು? ಇಟ್ಕೋ."

ಚೀಲದಿಂದ ಹತ್ತರಿಯನ್ನು ಹೊರತೆಗೆದೊಡನೆ ಅವನ ಬೆರಳು ತಾನಾಗಿ ಗುಂಡು ಹಿಡಿಯ ಬುಡಕ್ಕೆ ಹೋಯಿತು. ಅಂಚು ತಾಕಿತು. ಅಪ್ಪ ಸತ್ತು ನಾಲ್ಕು ವರ್ಷವಾದ ಮೇಲಷ್ಟೇ ಕಾರ್ಖಾನೆಯವರು ಹಾಕಲು ಶುರುಮಾಡಿದ ಅಂಚು. ಅಂದು ನಾಲ್ಕು ಹೆಜ್ಜೆ ಒಳಗಿಟ್ಟಿದ್ದರೆ, ಅಪ್ಪನದಕ್ಕೆ ಇದಿರಲಿಲ್ಲವೆಂದು ಯಾವ ವಿದ್ಯೆಯೂ ಇಲ್ಲದೆ ತಿಳಿಯುತ್ತಿತ್ತು.

ಅತ್ತಿಗೆಯ ಹಿಂದೆಯೇ ಹೊರಟ. ಅಣ್ಣ ಕಿಟಕಿ ಪಕ್ಕ ಕುರ್ಚಿಯಲ್ಲಿದ್ದ. ಹತ್ತರಿಯನ್ನು ಅವನ ತೊಡೆಯ ಮೇಲಿಟ್ಟು ಮಂಡಿಯೂರಿದ.

"ಅಣ್ಣಾ, ಇದು ನಿಂದೇ. ತಪ್ಪು ನಂದು."

ಅಣ್ಣ ಅವನ ಮುಖವನ್ನೇ ನೋಡಿದ. "ಹಳೇ ಸಾಮಾನು ಮಾರೋರಾ ನೀವು? ನಮ್ಮಪ್ಪನ ಹತ್ತರಿ ಕಳೆದುಹೋಗಿದೆ. ಸಿಕ್ಕಿದ್ರೆ ನನ್ನ ತಮ್ಮನಿಗೆ ಕೊಡಿ. ಪಾಪ, ನನ್ನ ಮೇಲೆ ಸಿಟ್ಟಾಗಿದ್ದಾನೆ."

"ನಾನೇ ಅಣ್ಣಾ, ನಿನ್ನ ತಮ್ಮ."

"ಇಲ್ಲ ಇಲ್ಲ, ಅವನು ಈ ಮನೆಗೆ ಬರಲ್ಲ."

ಅಣ್ಣನ ಹೆಬ್ಬೆರಳು ಹಿಡಿಯ ಬುಡವನ್ನು ಒಂದು ಸುತ್ತು ಸವರಿತು. "ಇದಲ್ಲ ಅದು. ಇದಕ್ಕೆ ಅಂಚಿದೆ, ನೋಡಿ," ಎಂದು ಹತ್ತರಿಯನ್ನು ಇವನ ಕೈಗೇ ವಾಪಸ್ ಕೊಟ್ಟ.